ಭಾವನವರ ಬಹುಮತ

ನಮ್ಮ ಭಾವನಷ್ಟು ಚುನಾವಣೆಗಳನ್ನು ಸೋತವರು ಕರ್ನಾಟಕದಲ್ಲಿ ಇನ್ನೊಬ್ಬರು ಇರಲಾರರು. ಅವರು ಒಂದು ಸಲವೂ ಸ್ಪರ್ಧಿಸಿಲ್ಲ ಎಂಬುದು ಬೇರೆ ಮಾತು. ಸ್ಪರ್ಧಿಸಿದವರಾದರೂ ಏನು, ಒಂದು ಕ್ಷೇತ್ರದಲ್ಲಿ ಸೋತು ಮನೆಗೆ ಹೋಗಿ ಮಲಗಿಬಿಡುತ್ತಾರೆ. ನಮ್ಮ ಭಾವ ಹಾಗಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಪಕ್ಷದ ಅಭ್ಯರ್ಥಿ ಎಲ್ಲೆಲ್ಲಿ ಸೋತರೋ ಅಲ್ಲೆಲ್ಲ ಇವರೂ ಖುದ್ದಾಗಿ ಸೋಲುತ್ತಿದ್ದರು. ಅದೂ ಎಲ್ಲಿ ಕುಳಿತು? ಒಮಾನಿನ ಘಾಲಾದಲ್ಲಿ, ಲಾರಿ ರಿಪೇರಿಯ ಗ್ಯಾರೇಜೊಂದರ ಹಿಂದಿನ ಕೋಣೆಯಲ್ಲಿ, ಒಂದು ರೇಡಿಯೋದ ಎದುರು.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಎಂಬತ್ತರ ದಶಕದ ಆರಂಭದಲ್ಲೇ ಮಸ್ಕತ್ತಿಗೆ ಬಂದವರು. ಘಾಲಾದ ಆ ಗ್ಯಾರೇಜಿನಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತಿದ್ದರು. ನನ್ನನ್ನು ಇಲ್ಲಿಗೆ ಕರೆಸಿ, ಆಫೀಸಿನ ಕೆಲಸಕ್ಕೆ ಸೇರಿಸಿದವರೂ ಅವರೇ. ಅಕ್ಕ, ಇಬ್ಬರು ಹೆಣ್ಣುಮಕ್ಕಳು ಮತ್ತು ಭಾವನ ತಾಯಿ ಉಡುಪಿಯ ಹತ್ತಿರದ ನಮ್ಮೂರಿನಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ಭಾವ ಅಲ್ಲಿಗೆ ಹೋಗುವುದು, ಉಳಿದ ದಿನಗಳಲ್ಲಿ ಆ ಊರು ರೇಡಿಯೋದಲ್ಲಿ ಇವರಲ್ಲಿಗೆ ಬರುವುದು, ಹೀಗೆ ನಡೆದಿತ್ತು.

ಅವರ ಪಕ್ಷ ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ಅರ್ಧ ಓದುಗರಿಗೆ ಭಾವನ ಮೇಲೆ ಸಿಟ್ಟು ಬರುತ್ತದೆ, ಉಳಿದರ್ಧ ಓದುಗರಿಗೆ ನನ್ನ ಮೇಲೆ. ಭಾವನಿಗಂತೂ ಅದಕ್ಕೆ ಹೆಸರೇ ಬೇಕಿರಲಿಲ್ಲ. 'ಪಕ್ಷ' ಅಂದರೆ ಅದು ಒಂದೇ. ಬೇರೆಯವರೆಲ್ಲ 'ಆಚೆಯವರು'. ಮೀಸೆ ಚಿಗುರುವ ವಯಸ್ಸಿನಲ್ಲಿ ಜೀಪಿನ ಹಿಂದೆ ನೇತಾಡಿಕೊಂಡು ಘೋಷಣೆ ಕೂಗಿದ ಗಂಟಲು ಅದು. ಮೀಸೆ ನರೆತರೂ ಗಂಟಲು ಜೀಪಿನಿಂದ ಇಳಿದಿರಲಿಲ್ಲ.

ರೇಡಿಯೋದ ತಂತಿಯನ್ನು ಅವರು ಗ್ಯಾರೇಜಿನ ತಗಡಿನ ಮಾಡಿಗೆ ಕಟ್ಟಿದ್ದರು. ಬೇಸಗೆಯಲ್ಲಿ ಆ ಮಾಡಿನ ಮೇಲೆ ದೋಸೆ ಹೊಯ್ಯಬಹುದಿತ್ತು. ಅಂಥ ಬಿಸಿಲಿನಲ್ಲೂ ಮೇಲೆ ಹತ್ತಿ, ತಂತಿಯನ್ನು ಆಚೀಚೆ ಮಾಡಿ, ಬೆಂಗಳೂರಿನ ವಾರ್ತೆ ಹಿಡಿದು ಕೆಳಗೆ ಇಳಿಯುವಾಗ ಅವರ ಮುಖ ನೋಡಬೇಕಿತ್ತು, ಬೆಂದ ಗೆಣಸಿನ ಬಣ್ಣ. ಪತ್ರಿಕೆಗಳಾದರೆ ಊರಿನಿಂದ ಬಂದವರು ಒಣಮೀನು ಸುತ್ತಿ ತಂದದ್ದು. ಭಾವ ಮೀನನ್ನು ಪಕ್ಕಕ್ಕಿಟ್ಟು ಕಾಗದ ಬಿಡಿಸಿ, ಅಂಗೈಯಿಂದ ಒತ್ತಿ ಸರಿಮಾಡಿ, ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಒಣಮೀನಿನ ವಾಸನೆ ಇಲ್ಲದ ರಾಜಕೀಯ ಸುದ್ದಿಯನ್ನು ಅವರು ಅಷ್ಟಾಗಿ ನಂಬುತ್ತಲೂ ಇರಲಿಲ್ಲ.

ಇಷ್ಟೆಲ್ಲ ಓದಿ, ಕೇಳಿ, ಅಳೆದು ತೂಗಿ ಹೇಳಿದ ಭವಿಷ್ಯ ಒಂದಾದರೂ ನಿಜವಾಗಬೇಡವೇ? ಆಗಲಿಲ್ಲ. ಪಕ್ಷ ಗೆಲ್ಲುತ್ತದೆ ಎಂದರೆ ಸೋಲುತ್ತಿತ್ತು. ಈ ಸಲ ಕಷ್ಟ ಎಂದರೆ ಭರ್ಜರಿಯಾಗಿ ಗೆಲ್ಲುತ್ತಿತ್ತು. ಆದರೆ ಅವರಿಗೆ ನಾಚಿಕೆಯಾದದ್ದನ್ನು ನಾನು ನೋಡಿಲ್ಲ.

"ನನ್ನ ಲೆಕ್ಕ ಸರಿಯೇ ಇತ್ತು ಮಾರಾಯ. ಜನ ತಪ್ಪಿದ್ದು," ಎನ್ನುತ್ತಿದ್ದರು.

ಗ್ಯಾರೇಜಿನ ಮಲಯಾಳಿ ಮೆಕ್ಯಾನಿಕ್ ಒಬ್ಬ ಇದಕ್ಕೆ ನಗುತ್ತಿದ್ದ. "ನಮ್ಮಲ್ಲಿ ಈ ಗೋಳೇ ಇಲ್ಲ ಚೇಟ್ಟಾ. ಒಂದು ಸಲ ಇವರು, ಒಂದು ಸಲ ಅವರು. ಲೆಕ್ಕ ಯಾಕೆ?" ಎಂದು ಒಮ್ಮೆ ಹೇಳಿಬಿಟ್ಟ. ಲೆಕ್ಕವೇ ಬೇಡದ ಚುನಾವಣೆಯೂ ಒಂದು ಚುನಾವಣೆಯೇ ಎಂಬ ಸಿಟ್ಟಿನಲ್ಲಿ ಭಾವ ಆ ವಾರವೆಲ್ಲ ಅವನ ಕೈಗೆ ಬೋಲ್ಟು ಕೊಡುವಾಗ ಮುಖ ತಿರುಗಿಸಿಕೊಂಡೇ ಕೊಟ್ಟರು.

ವಾರದ ರಜೆಯಾದ ಶುಕ್ರವಾರ ಅವರು ಅಲ್ ಮವಾಲೇಹ್‌ನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನನ್ನ ಹೆಂಡತಿ ಕೋರಿ ರೊಟ್ಟಿ ಮಾಡಿದ ದಿನ ಪಾಠ ಜೋರು. ಗರಿಗರಿ ರೊಟ್ಟಿಯನ್ನು ಮುರಿದು ತಟ್ಟೆಯ ಸುತ್ತ ಜೋಡಿಸಿ, "ಇದು ಹೈದರಾಬಾದ್ ಕರ್ನಾಟಕ, ಇದು ಮುಂಬೈ ಕರ್ನಾಟಕ, ಇದು ಹಳೇ ಮೈಸೂರು, ಈ ಸಣ್ಣ ತುಂಡು ನಮ್ಮ ಕರಾವಳಿ. ನೂರ ಹದಿಮೂರು ಆಗ್ಬೇಕು. ಈಗ ನೋಡು," ಎಂದು ಶುರುಮಾಡುತ್ತಿದ್ದರು. ಅವರ ಮಾತು ಮುಗಿಯುವಷ್ಟರಲ್ಲಿ ಇಡೀ ರಾಜ್ಯ ಕೋಳಿ ಸಾರಿನಲ್ಲಿ ಮೆತ್ತಗಾಗಿರುತ್ತಿತ್ತು. ಒಮ್ಮೆ ನನ್ನ ಮಗಳು, ಆಗ ಇಲ್ಲಿನ ಇಂಡಿಯನ್ ಶಾಲೆಯಲ್ಲಿ ಎರಡನೇ ಕ್ಲಾಸು, ಅವರ ತಟ್ಟೆಗೆ ಕೈಹಾಕಿ ಒಂದು ದೊಡ್ಡ ತುಂಡು ಎತ್ತಿ ಬಾಯಿಗೆ ಹಾಕಿಕೊಂಡು, "ಸಾರಿ ಮಾವ, ಐ ಏಟ್ ಮೈಸೂರು," ಎಂದಳು.

ಭಾವ ತಟ್ಟೆಯನ್ನೇ ನೋಡುತ್ತ ಕುಳಿತರು. ಆಮೇಲೆ, "ಮೈಸೂರು ಹೋಯ್ತು. ಇನ್ನು ಪಕ್ಷೇತರರ ಕಾಲು ಹಿಡಿಯುದೇ ಸೈ," ಎಂದರು. ಅವರು ತಮಾಷೆ ಮಾಡುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ವಾರಕ್ಕೊಮ್ಮೆ ಊರಿಗೆ ಫೋನು. ಅಕ್ಕನ ಮನೆಯಲ್ಲಿ ಆಗ ಫೋನಿರಲಿಲ್ಲ. ಪಕ್ಕದ ಮನೆಗೆ ಮಾಡಿ, ಅವರು ಕರೆದು, ಅಕ್ಕ ಓಡಿಬಂದು ರಿಸೀವರ್ ಎತ್ತಿದರೆ ಭಾವನ ಮೊದಲ ಪ್ರಶ್ನೆ, "ಗಾಳಿ ಯಾವ ಕಡೆ ಉಂಟು?"

ಅಕ್ಕ ಆ ಮನೆಯ ಕಿಟಕಿಯಿಂದ ಹೊರಗೆ ನೋಡಿ, "ಇವತ್ತು ಗಾಳಿಯೇ ಇಲ್ಲ. ಸೆಕೆ ಅಂದ್ರೆ ಸೆಕೆ," ಎನ್ನುತ್ತಿದ್ದಳು.

"ನಿನ್ನ ಅಕ್ಕನಿಗೆ ರಾಜಕೀಯ ಗೊತ್ತಾಗುದಿಲ್ಲ, ಪಾಪ," ಎಂದು ಭಾವ ನನ್ನ ಹತ್ತಿರ ಹೇಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. ಅಕ್ಕ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದನ, ಗದ್ದೆ, ಅತ್ತೆಯ ಔಷಧಿ, ಮಕ್ಕಳ ಬಸ್ಸು, ಇಷ್ಟರಲ್ಲೇ ಅವಳ ದಿನ ಮುಗಿಯುತ್ತದೆ ಎಂದು ನಾವಿಬ್ಬರೂ ತಿಳಿದಿದ್ದೆವು.

ಹೀಗಿರುವಾಗ ಒಂದು ದಿನ, ಶುಕ್ರವಾರವೂ ಅಲ್ಲದ ದಿನ, ಸಂಜೆ ಭಾವ ಟ್ಯಾಕ್ಸಿ ಮಾಡಿಕೊಂಡು ನಮ್ಮ ಮನೆಗೆ ಬಂದರು. ಅವರು ಟ್ಯಾಕ್ಸಿ ಮಾಡುವವರೇ ಅಲ್ಲ. ಯಾರಿಗೋ ಏನೋ ಆಗಿದೆ ಎಂದು ನನ್ನ ಹೆಂಡತಿ ಹೆದರಿ ಬಾಗಿಲಲ್ಲೇ ನಿಂತಳು.

"ಅಣ್ಣ, ಎಂತ ಆಯ್ತು?"

"ವಿಧಾನಸಭೆ ವಿಸರ್ಜನೆ ಆಯ್ತಮ್ಮ," ಎಂದರು ಭಾವ.

ಆದದ್ದಿಷ್ಟು. ರಾಜ್ಯದಲ್ಲಿ ಪಕ್ಷವೇ ಅಧಿಕಾರದಲ್ಲಿತ್ತು. ಆದರೆ ಒಬ್ಬೊಬ್ಬರೇ ಶಾಸಕರು ಜಾರಿಕೊಂಡು ಬಹುಮತ ನೂಲಿನ ಮೇಲೆ ನಿಂತಿತ್ತು. ಕಂಡಕಂಡವರ ಮನೆಬಾಗಿಲಿಗೆ ಹೋಗಿ ಬೇಡುವುದಕ್ಕಿಂತ ಜನರ ಹತ್ತಿರವೇ ಕೇಳೋಣ ಎಂದು ಮುಖ್ಯಮಂತ್ರಿಗಳು ಅವಧಿ ಅರ್ಧ ಉಳಿದಿರುವಾಗಲೇ ಮಧ್ಯಂತರ ಚುನಾವಣೆಗೆ ಹೊರಟಿದ್ದರು. ಇದ್ದ ಬಹುಮತ ಉಳಿಯುತ್ತದೆಯೇ ಎಂಬುದೇ ಎಲ್ಲರ ಪ್ರಶ್ನೆ. ಭಾವನಿಗೆ ಮಾತ್ರ ಅದು ಪ್ರಶ್ನೆಯಾಗಿ ಉಳಿಯದೆ ಕಾಯಿಲೆಯಾಗಿಬಿಟ್ಟಿತು. ಎರಡು ವಾರದಲ್ಲಿ ಕೆನ್ನೆ ಒಳಗೆ ಹೋಯಿತು. ಊಟ ಅರ್ಧಕ್ಕೆ ಬಿಡತೊಡಗಿದರು.

"ಜ್ವರ ಉಂಟಾ ಅಣ್ಣ?" ಎಂದು ನನ್ನ ಹೆಂಡತಿ ಕೇಳಿದರೆ, "ಇಲ್ಲಮ್ಮ, ಕರಾವಳಿ ಕೈಕೊಡುವ ಹಾಗೆ ಕಾಣ್ತದೆ," ಎನ್ನುವರು.

ಕೊನೆಗೆ ಒಂದು ಶುಕ್ರವಾರ ಕೈತೊಳೆದುಕೊಂಡು ಬಂದು, "ನಾನು ಊರಿಗೆ ಹೋಗ್ತೇನೆ. ಒಂದು ಓಟಾದರೂ ಓಟೇ. ಪ್ರಚಾರಕ್ಕೂ ಆಯ್ತು," ಎಂದು ತೀರ್ಪು ಕೊಟ್ಟರು.

ಹೋಗುವುದೇನೋ ಸರಿ, ರಜೆ ಕೊಡಬೇಕಾದವರು ಕಫೀಲ್. ಅಂದರೆ ಭಾವನ ವೀಸಾದ ಒಡೆಯರು, ಗ್ಯಾರೇಜಿನ ಯಜಮಾನರು. ಪಾಸ್‌ಪೋರ್ಟು ಅವರ ಹತ್ತಿರವೇ ಇರುತ್ತಿತ್ತು. ಅವರ ಮನೆ ಸುವೈಕಿನಲ್ಲಿ. ಭಾವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಬದಿಯ ಆ ಉದ್ದ ರಸ್ತೆಯಲ್ಲಿ ಹೊರಟೆ.

ದಾರಿಯಲ್ಲಿ ನಾನು ಉಪಾಯ ಹೇಳಿಕೊಟ್ಟೆ. "ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿ ಭಾವ. ಎಲ್ಲರೂ ಹಾಗೇ ಹೇಳುದು."

"ಅಮ್ಮ ಗಟ್ಟಿ ಇದ್ದಾರೆ. ಅವರನ್ನು ನಾನು ಯಾಕೆ ಮಲಗಿಸಲಿ?" ಎಂದರು.

ಕಫೀಲ್ ವಯಸ್ಸಾದವರು. ಎಳೆ ವಯಸ್ಸಿನಲ್ಲಿ ಖರ್ಜೂರದ ಹಡಗಿನಲ್ಲಿ ಬೊಂಬಾಯಿಗೆ ಹೋಗಿಬರುತ್ತಿದ್ದವರಂತೆ. ಹಾಗಾಗಿ ಅವರ ಹಿಂದಿ ನಮ್ಮಿಬ್ಬರ ಹಿಂದಿಗಿಂತ ಚೆನ್ನಾಗಿತ್ತು. ಚಾಪೆಯ ಮೇಲೆ ಕೂರಿಸಿ, ಖರ್ಜೂರ ಕೊಟ್ಟು, ಸಣ್ಣ ಬಟ್ಟಲಲ್ಲಿ ಕಹ್ವಾ ಕಾಫಿ ಹೊಯ್ದು, ವಿಷಯ ಏನೆಂದು ಕೇಳಿದರು. ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಚುನಾವಣೆ ಇದೆ, ಹೋಗಬೇಕು.

"ನಿನ್ನ ತಮ್ಮ ನಿಂತಿದ್ದಾನೋ?"

"ಇಲ್ಲ ಅರ್ಬಾಬ್," ಎಂದರು ಭಾವ. ಯಜಮಾನರನ್ನು ಇಲ್ಲಿ ಕರೆಯುವುದೇ ಹಾಗೆ.

"ಮಾವನೋ, ಚಿಕ್ಕಪ್ಪನೋ?"

"ಯಾರೂ ಅಲ್ಲ."

"ನಿಂತವನಿಗೆ ನಿನ್ನ ಪರಿಚಯ ಉಂಟೋ?"

ಭಾವ ಸ್ವಲ್ಪ ಯೋಚಿಸಿದರು. "ನಾನು ಅವರನ್ನು ಒಮ್ಮೆ ದೂರದಿಂದ ನೋಡಿದ್ದೇನೆ."

ಮುದುಕರು ನಗಲಿಲ್ಲ. ಬಟ್ಟಲು ಕೆಳಗಿಟ್ಟು, ಬಹುಮತ ಎಂದರೇನು, ಎಷ್ಟು ಜನ ಬೇಕು, ಈಗ ಎಷ್ಟು ಕಡಿಮೆ ಬೀಳುತ್ತದೆ ಎಂದು ಒಂದೊಂದೇ ಕೇಳಿಕೊಂಡರು. ಭಾವ ಖರ್ಜೂರದ ಬೀಜಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಮುದುಕರು ಬೀಜಗಳನ್ನು ನೋಡಿದರು.

"ಅರ್ಧಕ್ಕಿಂತ ಒಂದು ಹೆಚ್ಚು ಇದ್ದವನು ರಾಜ್ಯ ಆಳುತ್ತಾನೆ. ಸರಿ. ಈಚೆ ಉಳಿದವರು ಏನು ಮಾಡುತ್ತಾರೆ? ಸಿಟ್ಟಿನಲ್ಲಿ ಮನೆಗೆ ಹೋಗುತ್ತಾರೋ?"

"ಇಲ್ಲ, ಅವರೂ ಅಲ್ಲೇ ಕೂರುತ್ತಾರೆ. ಮಾತಾಡುತ್ತಾರೆ."

"ಇವನು ಕೇಳುತ್ತಾನೋ?"

ಭಾವ ಒಂದು ಬೀಜವನ್ನು ಸಾಲಿನಿಂದ ಆಚೆ ಸರಿಸಿ ಮತ್ತೆ ಒಳಗಿಟ್ಟರು. ನಾನು ಹೊರಗೆ ಅಂಗಳದ ಕಡೆ ನೋಡಿದೆ.

"ನಿನ್ನ ಮನೆಯಲ್ಲಿ ಯಾರು ಯಾರು ಇದ್ದಾರೆ?" ಮುದುಕರು ಮತ್ತೆ ಕೇಳಿದರು.

"ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು."

"ಅವರೆಲ್ಲ ನಿನ್ನ ಪಕ್ಷವೋ?"

"ಮತ್ತೆ? ನನ್ನ ಪಕ್ಷ ಅಲ್ಲದೆ ಇನ್ಯಾರ ಪಕ್ಷ?"

"ಅದೃಷ್ಟವಂತ," ಎಂದರು ಮುದುಕರು. "ನನಗೆ ಐದು ಹೆಣ್ಣುಮಕ್ಕಳು. ಈ ಮನೆಯಲ್ಲಿ ನನಗೆ ಬಹುಮತ ಸಿಕ್ಕಿದ್ದು ನೆನಪೇ ಇಲ್ಲ. ಖಲಾಸ್, ಹೋಗಿ ಬಾ." ಒಳಗೆ ಹೋಗಿ ಪಾಸ್‌ಪೋರ್ಟು ತಂದುಕೊಟ್ಟರು.

ಊರಿಗೆ ಹೋಗುವವರು ಸೆಂಟು, ಹಾಲಿನ ಪುಡಿ, ಕಂಬಳಿ ಕೊಳ್ಳುತ್ತಾರೆ. ಭಾವ ಮತ್ರಾದ ಹಳೇ ಪೇಟೆ ಸೂಕಿನಲ್ಲಿ ಹುಡುಕಿ ಹುಡುಕಿ, ಕೈಯಲ್ಲಿ ಹಿಡಿದು ಕೂಗುವ ಬ್ಯಾಟರಿಯ ಧ್ವನಿವರ್ಧಕವೊಂದನ್ನು ಕೊಂಡರು. ಬೊಂಬಾಯಿಯ ಕಸ್ಟಮ್ಸಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಯಿಗಿಟ್ಟುಕೊಂಡು "ಹಲೋ" ಎಂದನಂತೆ. ಇಡೀ ಸಾಲು ತಿರುಗಿ ನೋಡಿತಂತೆ. ಅವನೇ ನಾಚಿ ವಾಪಸು ಕೊಟ್ಟನಂತೆ. ಅಲ್ಲಿಂದ ಬಸ್ಸು ಹಿಡಿದು ಭಾವ ಊರು ಸೇರಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡವನಲ್ಲ. ಅರ್ಧ ಭಾವ ಹೇಳಿದ್ದು, ಅರ್ಧ ಆಮೇಲೆ ನಾನು ರಜೆಯಲ್ಲಿ ಹೋದಾಗ ಅಕ್ಕ ಹೇಳಿದ್ದು. ಗಂಡ ಹೆಂಡತಿ ಇಬ್ಬರ ಮಾತೂ ಒಂದಕ್ಕೊಂದು ಹೊಂದುವುದರಿಂದ ನಂಬಬಹುದು.

ಮರುದಿನವೇ ಭಾವ ಪಕ್ಷದ ಆಫೀಸಿಗೆ ಹೋದರು. ಅಲ್ಲಿದ್ದ ಹುಡುಗರಿಗೆ ಇವರ ಗುರುತೇ ಇಲ್ಲ. ಇವರು ಜೀಪಿನಲ್ಲಿ ನೇತಾಡುತ್ತಿದ್ದಾಗ ಅವರು ಹುಟ್ಟಿರಲಿಲ್ಲ. ಆದರೂ ಗಲ್ಫಿನಿಂದ ಓಟು ಹಾಕಲು ಬಂದವರೆಂದು ಕುರ್ಚಿ ಕೊಟ್ಟರು. ಧ್ವನಿವರ್ಧಕವನ್ನು ಇಸಿದುಕೊಂಡರು. ಬದಲಿಗೆ ಒಂದು ಕಟ್ಟು ಕರಪತ್ರ ಕೊಟ್ಟು, "ನಿಮ್ಮ ಮನೆಯ ಆಸುಪಾಸು ನೀವೇ ನೋಡಿಕೊಳ್ಳಿ ಅಣ್ಣ," ಎಂದರು.

ಭಾವ ಬಿಸಿಲೇರುವ ಮೊದಲೇ ಹೊರಟರು. ಮೊದಲ ಮನೆಯಲ್ಲಿ ನೀರು, ಬೆಲ್ಲ ಕೊಟ್ಟು ಕೂರಿಸಿದರು. ಒಮಾನಿನ ಸೆಕೆ ಹೇಗೆ, ಮಸ್ಕತ್ತಿನಲ್ಲಿ ಮೀನು ಸಿಗುತ್ತದಾ ಎಂದೆಲ್ಲ ವಿಚಾರಿಸಿದರು. ಭಾವ ಪಕ್ಷದ ಮಾತು ಎತ್ತಿದ ಕೂಡಲೇ ಮನೆಯಾಕೆ ನಕ್ಕು, "ನಿಮ್ಮ ಮನೆಯವರು ಮೊನ್ನೆಯೇ ಬಂದು ಹೋಗಿದ್ದಾರಲ್ಲ," ಎಂದಳು.

ಭಾವನಿಗೆ ಆಶ್ಚರ್ಯ. ಎರಡನೇ ಮನೆಯಲ್ಲೂ ಅದೇ ಮಾತು. "ಅಕ್ಕ ಬಂದು ಎಲ್ಲ ಹೇಳಿದ್ದಾರೆ. ನೀವು ಬಿಸಿಲಲ್ಲಿ ಯಾಕೆ ತಿರುಗ್ತೀರಿ?" ಮೂರನೇ ಮನೆಯಲ್ಲಿ ಎಳನೀರು ಕೊಟ್ಟು ಅದನ್ನೇ ಹೇಳಿದರು. ಭಾವನ ಎದೆ ಉಬ್ಬಿತು. ಇಷ್ಟು ವರ್ಷ 'ಗಾಳಿ ಇಲ್ಲ, ಸೆಕೆ' ಎನ್ನುತ್ತಿದ್ದವಳು ಗಂಡನ ಮನಸ್ಸು ತಿಳಿದು, ಅವನು ಬರುವ ಮೊದಲೇ ಊರೆಲ್ಲ ತಿರುಗಿ ಪಕ್ಷದ ಕೆಲಸ ಮುಗಿಸಿದ್ದಾಳೆ! ಹೇಳಿದ್ದಾಳೆಯೇ ಒಂದು ಮಾತು? ಇಲ್ಲ. ಅಂಥ ಹೆಂಡತಿ ಯಾರಿಗುಂಟು? ನೇರ ಆಫೀಸಿಗೆ ಹೋಗಿ, "ನಮ್ಮ ಕಡೆ ನೀವು ಬರುವುದೇ ಬೇಡ. ನನ್ನ ಹೆಂಡತಿ ಒಂದು ಮನೆ ಬಿಡದೆ ಮುಗಿಸಿದ್ದಾಳೆ," ಎಂದು ಹೆಮ್ಮೆಯಿಂದ ವರದಿ ಕೊಟ್ಟರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ಕೆಮ್ಮು ಬಂತು.

ವಿಷಯ ಬಿಡಿಸಿ ಹೇಳಿದವಳು ಮರುದಿನ ಸಿಕ್ಕ ಒಬ್ಬ ಮುದುಕಿ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಭಾವ ಕೊಟ್ಟ ಕರಪತ್ರವನ್ನು ಮಡಚಿ ಮೊರದ ಅಡಿಗಿಟ್ಟು, ಕೈಕೆಲಸ ನಿಲ್ಲಿಸದೆ ಹೇಳಿದಳು.

"ನೀವು ಒಳ್ಳೆಯವರು. ಆದ್ರೆ ಈ ಸಲ ನಿಮ್ಮ ಪಕ್ಷಕ್ಕೆ ಈ ಕೇರಿಯಿಂದ ಒಂದು ಓಟೂ ಬರುದಿಲ್ಲ. ಬೀಳದ ಹಾಗೆ ಮಾಡಿದ್ದೇ ನಿಮ್ಮ ಹೆಂಡತಿ."

ಭಾವ ಜಗಲಿಯ ಮೇಲೆ ಕುಳಿತುಬಿಟ್ಟರು.

ಮುದುಕಿ ಹೇಳಿದ್ದು ಇದು. ಹಿಂದಿನ ವರ್ಷ ಬಸ್‌ಸ್ಟಾಪಿಗೆ ತಾಗಿಕೊಂಡು ಒಂದು ಸಾರಾಯಿ ಗಡಂಗು ತೆರೆದಿತ್ತು. ನಡೆಸುವವರು ಪಕ್ಷದ ಶಾಸಕರ ಕಡೆಯವರು. ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಸಂಜೆ ಅಲ್ಲೇ ಬಸ್ಸಿಗೆ ಕಾಯಬೇಕು. ಅಲ್ಲಿ ನಿಂತವರ ಮಾತು, ನೋಟ ಸಹಿಸಲಾಗದೆ ಭಾವನ ದೊಡ್ಡ ಮಗಳೂ ಸೇರಿ ನಾಲ್ಕೈದು ಹುಡುಗಿಯರು ಒಂದು ಸ್ಟಾಪು ಹಿಂದಕ್ಕೆ ನಡೆದುಹೋಗಿ ಬಸ್ಸು ಹತ್ತತೊಡಗಿದರು. ಅದು ಗೊತ್ತಾದ ದಿನ ಅಕ್ಕ ದನದ ಹಟ್ಟಿಯ ಕೆಲಸ ಬಿಟ್ಟು ಮನೆ ಮನೆಗೆ ಹೋದಳು. ಹೆಂಗಸರೆಲ್ಲ ಸೇರಿ ಶಾಸಕರ ಮನೆಗೆ ಹೋದರು. ಅವರು ನೋಡೋಣ ಎಂದರು. ಎರಡನೇ ಸಲ ಹೋದಾಗ ಬಾಗಿಲು ತೆರೆಯಲಿಲ್ಲ. ಆಮೇಲೆ ಗಡಂಗಿನ ಎದುರೇ ಬೀಡಿ ಮೊರ ಇಟ್ಟುಕೊಂಡು ಸಾಲಾಗಿ ಕುಳಿತರು. ಪೊಲೀಸರು ಬಂದು ಎಬ್ಬಿಸಿದರು. ಏಳುವುದಿಲ್ಲ ಎಂದು ಮೊದಲು ಹೇಳಿದವಳು ಅಕ್ಕ.

"ಆ ಮಧ್ಯಾಹ್ನ ಪೂರ್ತಿ ನಿಮ್ಮ ಹೆಂಡತಿ ಸ್ಟೇಷನಿನಲ್ಲಿ ಕೂತದ್ದು. ನಿಮಗೆ ಗೊತ್ತಿಲ್ವಾ?" ಎಂದಳು ಮುದುಕಿ.

ಬಳ್ಳಾರಿಯಲ್ಲಿ ಯಾರು ಯಾರನ್ನು ಎಳೆಯುತ್ತಿದ್ದಾರೆ, ಬೆಳಗಾವಿಯಲ್ಲಿ ಯಾವ ಗುಂಪು ಯಾರ ಮೇಲೆ ಮುನಿಸಿಕೊಂಡಿದೆ, ಎಲ್ಲ ಗೊತ್ತಿದ್ದ ಭಾವನಿಗೆ ಇದು ಗೊತ್ತಿರಲಿಲ್ಲ. ಷಾರ್ಟ್‌ವೇವಿನಲ್ಲಿ ಇದು ಬಂದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿದರು. ಅಕ್ಕ ಗಂಜಿ ಬಡಿಸುತ್ತಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ," ಎಂದಳು ಅಕ್ಕ. "ನೀವು ಬೇಡ ಅಂದ ಮೇಲೆ ನನಗೆ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ. ಅದಕ್ಕೇ ಹೇಳ್ಲಿಲ್ಲ."

ಭಾವ ಗಂಜಿಗೆ ಇನ್ನೊಮ್ಮೆ ಉಪ್ಪು ಹಾಕಿಕೊಂಡರಂತೆ.

"ಸ್ಟೇಷನಿನಲ್ಲಿ ಎಂತಾದರೂ ಮಾಡಿದ್ರಾ?"

"ಇಲ್ಲ. ಚಾ ಕೊಟ್ರು. ಸಕ್ಕರೆ ಹೆಚ್ಚು ಹಾಕಿದ್ರು."

"ನನಗೂ ಕೊಟ್ರು," ಎಂದರು ಒಳಗಿನಿಂದ ಭಾವನ ತಾಯಿ. ಎಪ್ಪತ್ತು ದಾಟಿದ ಆ ಹೆಂಗಸೂ ಸೊಸೆಯ ಹಿಂದೆ ಹೋಗಿ ಪೊಲೀಸ್ ಜೀಪು ಹತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಮನೆಯಲ್ಲಿ ಬಹುಮತ ಯಾರಿಗೆಂದು ಹೇಳಲು ಭಾವನಂಥ ಪಂಡಿತರು ಬೇಕಾಗಿರಲಿಲ್ಲ.

ಆಮೇಲೆ ಭಾವ ಪ್ರಚಾರಕ್ಕೆ ಹೋಗಲಿಲ್ಲ. ಪಕ್ಷವನ್ನು ಬೈಯಲೂ ಇಲ್ಲ. ಮೂವತ್ತು ವರ್ಷ ಜತೆಗಿಟ್ಟುಕೊಂಡದ್ದನ್ನು ಎರಡು ದಿನದಲ್ಲಿ ಬಿಸಾಡುವುದು ಹೇಗೆ? ಹಾಗಂತ ಮಗಳು ಒಂದು ಸ್ಟಾಪು ಹಿಂದೆ ನಡೆದದ್ದನ್ನು ಮರೆಯುವುದು ಹೇಗೆ? ಅಕ್ಕ ಹೇಳುವ ಪ್ರಕಾರ ಆ ದಿನಗಳಲ್ಲಿ ಅವರು ಹಟ್ಟಿಯ ಮಾಡು ಸರಿಮಾಡಿದರು, ಬಾವಿಯ ರಾಟೆಗೆ ಎಣ್ಣೆ ಹಾಕಿದರು, ಬೆಳಗ್ಗೆ ಮಕ್ಕಳ ಜತೆ ಬಸ್‌ಸ್ಟಾಪಿನವರೆಗೆ ಹೋಗಿ, ಬಸ್ಸು ಬರುವ ತನಕ ಗಡಂಗಿಗೆ ಎದುರಾಗಿ ಕೈಕಟ್ಟಿ ನಿಂತು ಬಂದರು.

ಮತದಾನದ ದಿನ ಎಲ್ಲರೂ ಒಂದೇ ರಿಕ್ಷಾದಲ್ಲಿ ಶಾಲೆಗೆ ಹೋದರು. ಸಾಲಿನಲ್ಲಿ ನಿಂತು ಮುಂದೆ ಬಂದಾಗ ಅಕ್ಕನ ಹೆಸರಿತ್ತು, ತಾಯಿಯ ಹೆಸರಿತ್ತು. ಭಾವನದು ಇರಲಿಲ್ಲ. ಮನೆಯಲ್ಲಿ ವಾಸವಿಲ್ಲದವರೆಂದು ಯಾವಾಗಲೋ ತೆಗೆದುಹಾಕಿದ್ದರು.

"ನಾನು ಒಮಾನಿನಿಂದ ಬಂದಿದ್ದೇನೆ," ಎಂದರು ಭಾವ.

"ಅದಕ್ಕೇ ತೆಗೆದದ್ದು," ಎಂದರು ಅಧಿಕಾರಿ.

ಸಮುದ್ರ ದಾಟಿ ಓಟು ಹಾಕಲು ಬಂದ ಮನುಷ್ಯ ಹೊರಗೆ ಬಂದು, ಹೆಂಡತಿಯ ಕೊಡೆ ಒಂದು ಕೈಯಲ್ಲಿ, ತಾಯಿಯ ತೋಳು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ತಾಯಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನಿಧಾನವಾಗಿ ಹತ್ತಿಸಿ ಒಳಗೆ ಬಿಟ್ಟು ಬಂದರು. ಪಕ್ಷದ ಹುಡುಗನೊಬ್ಬ ಹತ್ತಿರ ಬಂದು ಮೆಲ್ಲನೆ, "ಅಮ್ಮನ ಓಟು ನಮಗೇ ಅಲ್ವಾ ಅಣ್ಣ?" ಎಂದ.

"ಅಮ್ಮನ ಓಟು ಅಮ್ಮನದ್ದು," ಎಂದರು ಭಾವ.

ಫಲಿತಾಂಶ ಬಂದಾಗ ಪಕ್ಷಕ್ಕೆ ಬಹುಮತ ಉಳಿಯಲಿಲ್ಲ. ಕೆಲವೇ ಸೀಟು ಕಡಿಮೆ. ಹೋದ ಸೀಟುಗಳಲ್ಲಿ ನಮ್ಮೂರಿನದೂ ಒಂದು. ಹೊಸ ಶಾಸಕರು ಬಂದ ಮೇಲೆ ಗಡಂಗು ಬಸ್‌ಸ್ಟಾಪಿನಿಂದ ಎದ್ದಿತು. ಊರಿನಿಂದಲೇ ಏಳಲಿಲ್ಲ, ಹೊಳೆಯ ಆಚೆ ಹೋಯಿತು. ಅದೂ ಅಕ್ಕನವರು ಇನ್ನೆರಡು ಸಲ ಹೋಗಿ ಕುಳಿತ ಮೇಲೆ.

ಭಾವ ಘಾಲಾಕ್ಕೆ ಹಿಂತಿರುಗಿದಾಗ ಮಲಯಾಳಿ ಮೆಕ್ಯಾನಿಕ್ ಕಾಯುತ್ತಿದ್ದ. "ಏನಾಯ್ತು ಚೇಟ್ಟಾ, ಬಿದ್ದಿತಲ್ಲ ನಿಮ್ಮ ಸರಕಾರ?"

"ಬೀಳಿಸಿದ್ದು ಯಾರು ಗೊತ್ತುಂಟಾ?" ಎಂದರು ಭಾವ ಕೌಂಟರಿನ ಹಿಂದಿನಿಂದ. "ನನ್ನ ಹೆಂಡತಿ."

ಅದನ್ನು ಅವರು ಬಂದವರಿಗೆಲ್ಲ ಹೇಳತೊಡಗಿದರು. ಕ್ಲಚ್ ಪ್ಲೇಟು ಕೊಳ್ಳಲು ಬಂದವರು ಸುಮ್ಮನೆ ತಲೆಯಾಡಿಸಿ ಹೋಗುತ್ತಿದ್ದರು. ಕಫೀಲ್ ತಿಂಗಳ ಕೊನೆಗೆ ಗ್ಯಾರೇಜಿಗೆ ಬಂದಾಗ, "ನಿನ್ನ ಮನುಷ್ಯ ಗೆದ್ದನೋ?" ಎಂದು ಮರೆಯದೆ ಕೇಳಿದರು. ಭಾವ ಎಲ್ಲವನ್ನೂ ಹೇಳಿದರು, ಪೊಲೀಸ್ ಸ್ಟೇಷನ್ನಿನ ಚಹಾದವರೆಗೆ. ಮುದುಕರು ಕೌಂಟರಿನ ಮೇಲಿದ್ದ ಬೋಲ್ಟಿನ ಡಬ್ಬಿಯನ್ನು ನೋಡಿದರು. "ಅಂಥವಳನ್ನು ಮನೆಯಲ್ಲಿಟ್ಟುಕೊಂಡು ನೀನು ನನ್ನ ಬೋಲ್ಟು ಎಣಿಸುತ್ತಿದ್ದೀಯಲ್ಲ," ಎಂದು ಹೊರಟುಹೋದರು.

ಮುಂದಿನ ವರ್ಷ ಭಾವ ವೀಸಾ ರದ್ದು ಮಾಡಿಸಿ ಊರಿಗೇ ಹೊರಟರು. ಇನ್ನೂ ದುಡಿಯುವ ವಯಸ್ಸು. ದೊಡ್ಡ ಮಗಳ ಓದೇ ಮುಗಿದಿರಲಿಲ್ಲ. ಎಲ್ಲರೂ ಬೇಡವೆಂದರು, ನಾನೂ ಹೇಳಿದೆ. ಕೊನೆಯ ಶುಕ್ರವಾರ ನಮ್ಮ ಮನೆಯಲ್ಲಿ ಊಟ ಮುಗಿಸಿ, ಬಾಲ್ಕನಿಯಲ್ಲಿ ಬಿಸಿಲು ಇಳಿಯುವುದನ್ನು ನೋಡುತ್ತ ಕುಳಿತಿದ್ದಾಗ ಮತ್ತೊಮ್ಮೆ ಕೇಳಿದೆ, ಇಷ್ಟು ಅವಸರ ಯಾಕೆ ಎಂದು.

"ನಿನ್ನ ಅಕ್ಕ ಪಂಚಾಯತಿಗೆ ನಿಲ್ತಾಳಂತೆ. ಹೆಂಗಸರಿಗೆ ಮೀಸಲು ಸೀಟು ಬಂದಿದೆಯಲ್ಲ. ಊರಿನವರು ಬಿಡುದಿಲ್ಲವಂತೆ," ಎಂದರು.

"ಹಾಗಾದರೆ ಪ್ರಚಾರಕ್ಕೆ ಹೊರಟದ್ದು ಅನ್ನಿ."

"ಇಲ್ಲ ಮಾರಾಯ, ಪ್ರಚಾರ ಅವಳಿಗೇ ಚೆನ್ನಾಗಿ ಬರ್ತದೆ."

"ಮತ್ತೆ? ಗೆಲ್ತಾಳೆ ಅಂತ ಕಾಣ್ತದಾ ಭಾವ?"

ನಾನು ತಮಾಷೆಗೆ ಕೇಳಿದ್ದು. ಅವರು ಲೆಕ್ಕ ಹಾಕಲಿಲ್ಲ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರಸ್ತೆಯ ಕಡೆ ನೋಡುತ್ತ ಹೇಳಿದರು.

"ಗೊತ್ತಿಲ್ಲ. ಗೆದ್ದರೆ ಸುತ್ತ ಜನ ಇರ್ತಾರೆ, ನಾನು ಬೇಕಂತ ಇಲ್ಲ. ಸೋತರೆ, ಸಂಜೆ ಮನೆಗೆ ಬರುವಾಗ ಜಗಲಿಯಲ್ಲಿ ಒಬ್ಬ ಕೂತಿರಬೇಕಲ್ಲ."